ಗೋರಂಟ್ಲದ ಕಲ್ಲುಮನೆಗಳು

ಗೋರಂಟ್ಲವೆಂದೊಡನೆ ಇತಿಹಾಸಾಸಕ್ತರಿಗೆ ನೆನಪಾಗುವುದು ವಿಜಯನಗರ ಕಾಲದ ಮಾಧವರಾಯ ದೇವಾಲಯ. ಅದೇ ನೆಲದ ಬಂಡೆಯನ್ನು ಒಡೆದು ರೈತರೂ ನೇಕಾರರೂ ಕಟ್ಟಿಕೊಂಡ ಮನೆಗಳತ್ತ ವಿದ್ವಾಂಸರ ಗಮನ ಹರಿದದ್ದು ಕಡಿಮೆ. ಅವುಗಳ ಮೇಲೆ ದಾನಿಯ ಹೆಸರಿಲ್ಲ, ಶಕವರ್ಷವಿಲ್ಲ. ಆದರೂ ಈ ಗಡಿನಾಡಿನ ಜನಜೀವನಕ್ಕೆ ಅವುಗಳಿಗಿಂತ ಮಿಗಿಲಾದ ಆಧಾರ ನನಗೆ ಕಾಣದು.

ಹಿಂದೂಪುರ, ಮಡಕಶಿರಾ, ಪಾವಗಡಗಳ ಸುತ್ತಲೂ ಕಾಣುವ ಮಾಳಿಗೆಮನೆಯ ಕುಲವೇ ಇದು. ಒರಟುಗಲ್ಲನ್ನು ಕೆಸರುಮಣ್ಣಿನಲ್ಲಿ ಕೂಡಿಸಿದ ದಪ್ಪ ಗೋಡೆ. ಗೋಡೆ ಸೀಳದಂತೆ ನಡುನಡುವೆ ಎರಡು ಮುಖಗಳನ್ನೂ ಬಿಗಿದು ಹಿಡಿವ ಉದ್ದನೆಯ ಅಡ್ಡಗಲ್ಲು. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಅದರ ಮೇಲೆ ಕಡ್ಡಿ ಸೊಪ್ಪು, ಎಲ್ಲಕ್ಕೂ ಮೇಲೆ ಚೌಳುಮಣ್ಣು. ಬೆಳೆಗೆ ಬಾರದ ಈ ಮಣ್ಣೇ ಮನೆಯ ಜೀವಾಳ. ನೀರು ತಾಗಿದೊಡನೆ ಅದರಲ್ಲಿನ ಕ್ಷಾರದಿಂದ ಜೇಡಿಯ ಕಣಗಳು ಬಿಡಿಬಿಡಿಯಾಗಿ ಹರಡಿ ರಂಧ್ರಗಳನ್ನು ಮುಚ್ಚುತ್ತವೆ. ನೀರು ಕೆಳಗಿಳಿಯದು, ಕಳೆಯೂ ಸುಲಭವಾಗಿ ಹುಟ್ಟದು. ಮಳೆಗಾಲಕ್ಕೆ ಮುನ್ನ ಹೊಸ ಚೌಳು ಹರಡಿದರೆ ಸಾಕು. ಬೆಳಕಿಗೆ ಸೂರಿನಲ್ಲೊಂದು ಗವಾಕ್ಷಿ. ನೇಕಾರರ ಮನೆಯಾದರೆ ಒಳಗೆ ಮಗ್ಗದ ಗುಂಡಿ.

ಇಂಗ್ಲೆಂಡಿನ ಕಾಟ್ಸ್‌ವಲ್ಡ್ ಸೀಮೆಯ ಕಲ್ಲುಮನೆಗಳು ಜಗತ್ಪ್ರಸಿದ್ಧ. ಬಿಬುರಿ ಗ್ರಾಮದ ಆರ್ಲಿಂಗ್ಟನ್ ಸಾಲುಮನೆಗಳು 14ನೆಯ ಶತಮಾನದ ಉಣ್ಣೆಯ ಉಗ್ರಾಣವಾಗಿದ್ದು, 17ನೆಯ ಶತಮಾನದಲ್ಲಿ ನೇಕಾರರ ವಸತಿಗಳಾದವು. ಅಲ್ಲಿ ಸುಣ್ಣಕಲ್ಲು, ಮಳೆ ಜಾರಿಹೋಗುವ ಕಡಿದಾದ ಸೂರು. ಇಲ್ಲಿ ಉಳಿಗೆ ಸುಲಭವಾಗಿ ಬಗ್ಗದ ಕರಿಬಂಡೆ, ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆಯ ನಾಡಿಗೊಪ್ಪುವ ಸಮತಟ್ಟಾದ ಮಾಳಿಗೆ. ಅವನ್ನು ನ್ಯಾಷನಲ್ ಟ್ರಸ್ಟ್ ಕಾಪಾಡುತ್ತಿದೆ. ನಮ್ಮವಕ್ಕೆ ಅಂಥ ದಿಕ್ಕಿಲ್ಲ.

ಈ ಸೀಮೆ ಮದರಾಸು ಪ್ರಾಂತ್ಯದಲ್ಲಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರಿತು. 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಯೊಳಗೆ ಬಂತು. ಗೋಡೆ ಕಟ್ಟುವ ಕ್ರಮ ಮಾತ್ರ ಗಡಿಯನ್ನು ಕೇಳಲಿಲ್ಲ. ನಾವು ಮಾಳಿಗೆಯೆಂದರೆ ನೆರೆಯ ತೆಲುಗರು ಮಿದ್ದೆಯೆನ್ನುತ್ತಾರೆ. ನಮ್ಮ ತೊಲೆ ಅವರಿಗೆ ದೂಲ, ನಮ್ಮ ಚೌಳು ಅವರಿಗೆ ಚೌಡು. ಒಂದೇ ಸೂರಿನಡಿ ಎರಡು ನುಡಿಗಳೂ ಬಾಳಿವೆ. (ಭಾಷಾವಾರು ಲೆಕ್ಕ ಹಾಕುವವರು ಈ ಮನೆಗಳನ್ನು ಯಾವ ಪಟ್ಟಿಗೆ ಸೇರಿಸುತ್ತಾರೋ!)

ಈಗ ಕಾಂಕ್ರೀಟು ಬಂದಿದೆ. ಸೋರುವ ಸೂರಿಗೆ ವರ್ಷವರ್ಷವೂ ಮಣ್ಣು ಹೊರುವವರಾರು? ಮನೆಯವರನ್ನು ದೂರುವಂತಿಲ್ಲ. ಆದರೆ ಮನೆ ಉರುಳಿದಾಗ ಕಲ್ಲಾದರೂ ಮತ್ತೊಂದು ಕಟ್ಟಡಕ್ಕೆ ಹೋಗುತ್ತದೆ. ಜಂತೆ, ಅಡ್ಡಗಲ್ಲು, ಚೌಳು ಎಂಬ ಮಾತುಗಳಿಗೆ ಬೇರೆ ಮನೆಯಿಲ್ಲ. ಚೌಳು ಹದಮಾಡಬಲ್ಲ ಹಿರಿಯರು ಇರುವಾಗಲೇ ಊರೂರಿನಲ್ಲಿ ಒಂದೊಂದು ಮನೆಯನ್ನಾದರೂ ಅಳೆದು, ಅದರ ಅಂಗಾಂಗಗಳ ಹೆಸರುಗಳನ್ನು ಎರಡೂ ಭಾಷೆಗಳಲ್ಲಿ ಬರೆದಿಡುವ ಕೆಲಸವನ್ನು ಸಂಘವು ಕೈಗೊಳ್ಳಬಹುದು. ಅದಕ್ಕೆ ಬೇಕಾದದ್ದು ಒಂದು ಅಳತೆಯ ಟೇಪು, ಒಂದು ನೋಟುಪುಸ್ತಕ.