ಚಿತ್ರಕಥೆ ಕಲಿಸುವ ಶಾಲೆ ಯಾವುದು?

ಸವಣೂರು ತಾಲ್ಲೂಕಿನ ಹತ್ತಿಮತ್ತೂರು ‘ಚಂಪಾ’ ಎಂದೇ ಹೆಸರಾದ ಚಂದ್ರಶೇಖರ ಪಾಟೀಲರ ಹುಟ್ಟೂರು. 1939ರಲ್ಲಿ ಜನಿಸಿ 2022ರಲ್ಲಿ ನಿಧನರಾದ ಪಾಟೀಲರು ಕವಿ, ‘ಸಂಕ್ರಮಣ’ದ ಸಂಪಾದಕರು, ‘ಕೊಡೆಗಳು’, ‘ಟಿಂಗರ ಬುಡ್ಡಣ್ಣ’, ‘ಗೋಕರ್ಣದ ಗೌಡಸಾನಿ’ಯಂಥ ನಾಟಕಗಳನ್ನು ಬರೆದವರು. ಈ ಊರು ರಂಗಭೂಮಿಗೆ ನಾಟಕಕಾರನನ್ನು ಕೊಟ್ಟರೆ, ಸುತ್ತಲಿನ ಸೀಮೆ ಸಿನಿಮಾಕ್ಕೆ ಕೊಟ್ಟದ್ದು ಕಥಾನಾಯಕರನ್ನು. ಶಿಗ್ಗಾವಿ ತಾಲ್ಲೂಕಿನ ಬಾಡದ ಕನಕದಾಸರು, ಅದೇ ತಾಲ್ಲೂಕಿನ ಶಿಶುನಾಳದ ಶರೀಫರು, ಹಿರೇಕೆರೂರು ಸೀಮೆಯವನೆನ್ನಲಾದ ಸರ್ವಜ್ಞ, ಈ ಮೂವರೂ ಬೆಳ್ಳಿತೆರೆಯನ್ನು ಏರಿದ್ದಾರೆ.

ಸಿನಿಮಾಕ್ಕೆ ಬರೆಯಬೇಕೆಂಬ ಆಸೆ ಹೊತ್ತ ಯುವಕರು ಇಂದು ಹಳ್ಳಿ ಹಳ್ಳಿಗಳಲ್ಲಿ ಇದ್ದಾರೆ. ಯಾವ ಕಥೆ ಹಿಡಿಯಬೇಕು, ಬರೆಯುವುದನ್ನು ಎಲ್ಲಿ ಕಲಿಯಬೇಕು ಎಂಬುದು ಅವರ ಮುಂದಿನ ಪ್ರಶ್ನೆ. ಹಿಂದಿನವರು ಇದಕ್ಕೆ ಕಂಡುಕೊಂಡ ಉತ್ತರಗಳು ಕಾಲಕಾಲಕ್ಕೆ ಬದಲಾಗಿವೆ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆ ಕಂಡಾಗ ಅದಕ್ಕೆ ಮಾತು ಬರೆದವರು ಬೆಳ್ಳಾವೆ ನರಹರಿಶಾಸ್ತ್ರಿಗಳು. ರಂಗಭೂಮಿಗೆ ಬರೆಯುತ್ತಿದ್ದ ಕೈಯೇ ತೆರೆಗೂ ಬರೆಯಿತು. ಮುಂದೆ ಎರಡು ದಶಕಗಳಿಗೂ ಹೆಚ್ಚು ಕಾಲ ಇದೇ ದಾರಿ. ಹುಣಸೂರು ಕೃಷ್ಣಮೂರ್ತಿ, ಜಿ.ವಿ. ಅಯ್ಯರ್ ಮುಂತಾದವರೆಲ್ಲ ನಾಟಕ ಕಂಪನಿಗಳ ಗರಡಿಯಲ್ಲಿ ಪಳಗಿದವರು. 1954ರ ‘ಬೇಡರ ಕಣ್ಣಪ್ಪ’ ಕೂಡ ಗುಬ್ಬಿ ಕಂಪನಿಯ ರಂಗದ ಮೇಲೆ ಜನ ಮೆಚ್ಚಿದ್ದ ಕಥೆಯೇ.

ಕಂಪನಿ ನಾಟಕ ಬರಹಗಾರನಿಗೆ ಕಲಿಸಿದ ಪಾಠ ಯಾವ ಪುಸ್ತಕದಲ್ಲೂ ಸಿಗುವಂಥದ್ದಲ್ಲ. ಪ್ರೇಕ್ಷಕ ಎಲ್ಲಿ ಚಪ್ಪಾಳೆ ತಟ್ಟುತ್ತಾನೆ, ಎಲ್ಲಿ ಆಕಳಿಸುತ್ತಾನೆ, ಯಾವ ದೃಶ್ಯದ ಹೊತ್ತಿಗೆ ಎದ್ದು ಬೀಡಿ ಸೇದಲು ಹೊರಗೆ ಹೋಗುತ್ತಾನೆ ಎಂಬುದು ರಾತ್ರಿ ರಾತ್ರಿಗೆ ಕಣ್ಣೆದುರಿಗೇ ಗೊತ್ತಾಗುತ್ತಿತ್ತು. ಜಾಳಾದ ಮಾತನ್ನು ಮರುದಿನದ ಆಟದಲ್ಲೇ ತಿದ್ದಬಹುದಿತ್ತು. ಸಿನಿಮಾಕ್ಕೆ ಈ ಅನುಕೂಲವಿಲ್ಲ. ಒಮ್ಮೆ ಚಿತ್ರೀಕರಿಸಿದರೆ ಮುಗಿಯಿತು. ಆದ್ದರಿಂದಲೇ ನಿರ್ಮಾಪಕರು ಜನ ಆಗಲೇ ಒಪ್ಪಿದ್ದ ಕಥೆಗಳನ್ನು ಹುಡುಕಿದರು. ಇದರ ಕೊರತೆಯೂ ಸ್ಪಷ್ಟ: ಕಣ್ಣಿಗೆ ಕಾಣಿಸಬೇಕಾದುದನ್ನು ಪಾತ್ರಗಳು ನಿಂತು ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದವು.

ಕನಕದಾಸರ ಕಥೆ ಈ ಮಾದರಿಗೆ ಹೇಳಿ ಮಾಡಿಸಿದಂತಿತ್ತು. ದಂಡನಾಯಕನ ಗತ್ತು, ಯುದ್ಧ, ಸೋಲು, ಮನಃಪರಿವರ್ತನೆ, ಕೊನೆಗೆ ಉಡುಪಿಯ ಕಿಂಡಿ. ಜನಪದ ನೆನಪೇ ಕಥೆಯನ್ನು ಅಂಕಗಳಾಗಿ ಕತ್ತರಿಸಿ ಇಟ್ಟಿದೆ. ವೈ.ಆರ್. ಸ್ವಾಮಿ ನಿರ್ದೇಶನದ ‘ಭಕ್ತ ಕನಕದಾಸ’ (1960) ಚಿತ್ರಕ್ಕೆ ಬರೆದವರು ಹುಣಸೂರು ಕೃಷ್ಣಮೂರ್ತಿ. ರಾಜಕುಮಾರ್ ಕನಕರಾದರು.

ಸರ್ವಜ್ಞನ ವಿಷಯ ಹಾಗಲ್ಲ. ಅವನು ಬಿಟ್ಟು ಹೋದದ್ದು ತ್ರಿಪದಿಗಳನ್ನು, ಬದುಕನ್ನಲ್ಲ. ಮಾಸೂರಿನ ಬಸವರಸ, ಅಂಬಲೂರಿನ ಕುಂಬಾರ ಮಾಳಿ, ಕಾಶಿಯಾತ್ರೆ ಎಂಬ ಜನ್ಮವೃತ್ತಾಂತದ ಐತಿಹ್ಯ ಬಿಟ್ಟರೆ ಉಳಿದದ್ದು ಊರೂರು ಅಲೆದ ಒಬ್ಬ ಮಾತುಗಾರನ ಚಿತ್ರ ಮಾತ್ರ. ಅಲೆದಾಟ ಕಥೆಯಾಗುವುದಿಲ್ಲ. ಒಂದೂರಿನ ಘಟನೆಯಿಂದ ಮುಂದಿನ ಊರಿನ ಘಟನೆ ಹುಟ್ಟಬೇಕು; ಇಲ್ಲವಾದರೆ ದೃಶ್ಯಗಳು ಹರಿದ ಸರದ ಮಣಿಗಳಂತೆ ಚೆದುರುತ್ತವೆ. ಅಲ್ಲದೆ ಎಲ್ಲ ಬಲ್ಲವನಿಗೆ ತಪ್ಪು ಮಾಡುವ ಅವಕಾಶವೇ ಇಲ್ಲ. ತಪ್ಪು ಮಾಡದ ನಾಯಕನನ್ನು ಎರಡೂವರೆ ಗಂಟೆ ಹಿಡಿದಿಡುವುದು ಯಾವ ಬರಹಗಾರನಿಗೂ ಕಷ್ಟವೇ. ಆರೂರು ಪಟ್ಟಾಭಿ ನಿರ್ದೇಶಿಸಿದ ‘ಸರ್ವಜ್ಞಮೂರ್ತಿ’ (1965) ಕೈ ಹಾಕಿದ್ದು ಇಂಥ ವಸ್ತುವಿಗೆ. ಅದರಲ್ಲೂ ರಾಜಕುಮಾರ್ ಅವರೇ ನಾಯಕ.

ಶರೀಫರು (1819-1889) ತೆರೆಗೆ ಬರಲು ಇನ್ನೂ ಕಾಲು ಶತಮಾನ ಬೇಕಾಯಿತು. ಅಷ್ಟರಲ್ಲಿ ಕನ್ನಡ ಚಿತ್ರಕಥೆಯ ಹಾದಿ ಎರಡು ಬಾರಿ ತಿರುವು ಪಡೆದಿತ್ತು.

ಮೊದಲನೆಯದು ಕಾದಂಬರಿಯ ಕಡೆಗೆ. ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿ ಆಧರಿಸಿ 1962ರಲ್ಲಿ ‘ಕರುಣೆಯೇ ಕುಟುಂಬದ ಕಣ್ಣು’ ಬಂದ ಮೇಲೆ ಅ.ನ.ಕೃ., ತ್ರಿವೇಣಿ, ಎಂ.ಕೆ. ಇಂದಿರಾ, ಟಿ.ಕೆ. ರಾಮರಾವ್ ಎಲ್ಲರೂ ತೆರೆಗೆ ಬಂದರು. ಇಲ್ಲಿಯೂ ನಂಬಿಕೆ ಹಳೆಯದೇ: ಓದುಗ ಮೆಚ್ಚಿದ್ದನ್ನು ಪ್ರೇಕ್ಷಕ ಕೈಬಿಡಲಾರ. ಆದರೆ ಕಸುಬು ಬೇರೆ. ಪುಟ್ಟಣ್ಣ ಕಣಗಾಲ್ ‘ನಾಗರಹಾವು’ (1972) ಚಿತ್ರಕ್ಕೆ ತ.ರಾ.ಸು. ಅವರ ಒಂದಲ್ಲ, ಮೂರು ಕಾದಂಬರಿಗಳನ್ನು ಒಂದರೊಳಗೊಂದು ಹೆಣೆದರು. ಮೂರು ಪುಸ್ತಕಗಳಿಂದ ಏನನ್ನು ಬಿಡಬೇಕೆಂದು ತೀರ್ಮಾನಿಸುವುದೇ ಅಲ್ಲಿ ದೊಡ್ಡ ಕೆಲಸ. ಲೇಖಕರಿಗೆ ಚಿತ್ರ ಹಿಡಿಸಲಿಲ್ಲ ಎಂಬುದೂ, ಜನ ಮುಗಿಬಿದ್ದು ನೋಡಿದರು ಎಂಬುದೂ ಪ್ರಸಿದ್ಧ.

ಎರಡನೆಯ ತಿರುವು 1970ರ ‘ಸಂಸ್ಕಾರ’. ಯು.ಆರ್. ಅನಂತಮೂರ್ತಿಯವರ ಕಾದಂಬರಿಗೆ ಚಿತ್ರಕಥೆ ಬರೆದವರು ಗಿರೀಶ ಕಾರ್ನಾಡ. ಪ್ರಾಣೇಶಾಚಾರ್ಯರ ಪಾತ್ರವೂ ಅವರದೇ. ನಮ್ಮ ಚಿತ್ರಗಳ ಆರಂಭದಲ್ಲಿ ಕಥೆ, ಚಿತ್ರಕಥೆ, ಸಂಭಾಷಣೆ ಎಂದು ಮೂರು ಬೇರೆ ಹೆಸರು ಕಾಣಿಸುವುದೇಕೆ ಎಂದು ಕೇಳುವವರಿಗೆ ಈ ಚಿತ್ರ ಒಳ್ಳೆಯ ಉದಾಹರಣೆ. ಏನು ನಡೆಯಿತು ಎಂಬುದು ಕಥೆ. ಅದು ಯಾವ ಕ್ರಮದಲ್ಲಿ, ಯಾರ ಕಣ್ಣಿಗೆ, ಹೇಗೆ ಕಾಣುತ್ತದೆ ಎಂಬುದು ಚಿತ್ರಕಥೆ. ಕಾದಂಬರಿಯಲ್ಲಿ ಆಚಾರ್ಯರ ತಳಮಳ ಪುಟಗಟ್ಟಲೆ ಮನಸ್ಸಿನೊಳಗೇ ನಡೆಯುತ್ತದೆ. ತೆರೆಯ ಮೇಲೆ ಮನಸ್ಸು ಕಾಣದು. ಕಾಣುವುದು ಸಂಸ್ಕಾರವಿಲ್ಲದೆ ಬಿದ್ದ ಹೆಣ ಮತ್ತು ಹಸಿದು ಕಾದ ಅಗ್ರಹಾರ. ಸೆನ್ಸಾರ್ ಮಂಡಳಿ ಮೊದಲು ತಡೆದಿದ್ದ ಈ ಚಿತ್ರವೇ ಮುಂದೆ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು.

ಆ ಬಳಿಕ ಕಲಿಕೆಯ ಜಾಗವೂ ಬದಲಾಯಿತು. ಗಿರೀಶ ಕಾಸರವಳ್ಳಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತು ಬಂದರು. ಪುಣೆಗೆ ಹೋಗಲಾಗದವರಿಗೆ ಸಾಗರ ತಾಲ್ಲೂಕಿನ ಹೆಗ್ಗೋಡಿತ್ತು. ಕೆ.ವಿ. ಸುಬ್ಬಣ್ಣನವರ ನೀನಾಸಂ 1970ರ ದಶಕದಲ್ಲೇ ಅಡಿಕೆ ತೋಟದ ನಡುವೆ ‘ಪಥೇರ್ ಪಾಂಚಾಲಿ’, ‘ರಾಶೋಮನ್’ ತೋರಿಸಿತು. ಪುಣೆಯಿಂದ ಸತೀಶ್ ಬಹಾದ್ದೂರ್ ಬಂದು ಸಿನಿಮಾ ನೋಡುವುದನ್ನೇ ಪಾಠವಾಗಿ ಕಲಿಸಿದರು.

ಶರೀಫರ ಕಥೆ ಟಿ.ಎಸ್. ನಾಗಾಭರಣರ ಕೈಗೆ ಬಂದದ್ದು ಇಷ್ಟೆಲ್ಲ ಆದ ಮೇಲೆ. 1990ರಲ್ಲಿ ತೆರೆ ಕಂಡ ‘ಸಂತ ಶಿಶುನಾಳ ಶರೀಫ’ದಲ್ಲಿ ಶ್ರೀಧರ್ ಶರೀಫರಾದರೆ ಕಾರ್ನಾಡರು ಗುರು ಗೋವಿಂದ ಭಟ್ಟರಾದರು. ಸರ್ವಜ್ಞನಂತೆ ಶರೀಫರೂ ಪದಗಳಲ್ಲಿ ಉಳಿದವರೇ. ಆದರೆ ಇಲ್ಲಿ ಬರಹಗಾರನ ಕೈಗೆ ಒಂದು ಸಂಬಂಧ ಸಿಗುತ್ತದೆ: ಮುಸಲ್ಮಾನ ಶಿಷ್ಯ, ಜನಿವಾರ ತೊಡಿಸಿದ ಬ್ರಾಹ್ಮಣ ಗುರು, ಇಬ್ಬರನ್ನೂ ಅನುಮಾನದಿಂದ ನೋಡುವ ಊರು. ಅಲೆದಾಟಕ್ಕೆ ಇಲ್ಲದ ಬಿಗಿ ಇದಕ್ಕಿದೆ. ಸಿ. ಅಶ್ವಥ್ ಸ್ವರ ಹಾಕಿದ ಪದಗಳು ಚಿತ್ರವನ್ನು ಮನೆಮನೆಗೆ ಮುಟ್ಟಿಸಿದವು. ರಾಷ್ಟ್ರೀಯ ಭಾವೈಕ್ಯಕ್ಕಾಗಿ ಕೊಡುವ ನರ್ಗಿಸ್ ದತ್ ಪ್ರಶಸ್ತಿಯೂ ಬಂತು.

ಈ ಭಾಗದವರಿಗೆ ಇನ್ನೊಂದು ಕಾರಣಕ್ಕೂ ಆ ಚಿತ್ರ ಮುಖ್ಯ. ಧಾರವಾಡ ಕಡೆಯ ಮಾತು ಎಂದರೆ ಬಹುಕಾಲ ತೆರೆಯ ಮೇಲೆ ನಗಿಸಲು ತಂದ ಪಾತ್ರದ ಮಾತು. ನಾಯಕ ಎಲ್ಲಿಯವನಾದರೂ ಬೆಂಗಳೂರು-ಮೈಸೂರಿನ ಕನ್ನಡವನ್ನೇ ಆಡಬೇಕು. ಕನಕದಾಸರೂ ಸರ್ವಜ್ಞನೂ ಗ್ರಾಂಥಿಕವಾಗಿ ಮಾತನಾಡಿದ್ದನ್ನು ಯಾರೂ ಪ್ರಶ್ನಿಸಲಿಲ್ಲ. ನಾಗಾಭರಣರ ‘ನಾಗಮಂಡಲ’ಕ್ಕೆ (1997) ಗೋಪಾಲ ವಾಜಪೇಯಿ ಬರೆದ ಸಂಭಾಷಣೆ ಮತ್ತು ಹಾಡುಗಳಲ್ಲಿ ಈ ಕಡೆಯ ಆಡುನುಡಿ ಪ್ರೀತಿ, ಭಯ, ಏಕಾಂತಗಳನ್ನು ಹೊತ್ತಿತು. ನಗಿಸುವ ಹೊಣೆಯಿಂದ ಅದಕ್ಕೆ ಬಿಡುಗಡೆ ಸಿಕ್ಕಿತು ಎನ್ನಬಹುದು.

ಇತ್ತೀಚಿನವರು ಸಣ್ಣ ಕಥೆಯ ಕಡೆಗೂ, ಸ್ವಂತ ಊರಿನ ಕಡೆಗೂ ತಿರುಗಿದ್ದಾರೆ. ಅಮರೇಶ ನುಗಡೋಣಿಯವರ ‘ಸವಾರಿ’ ಕಥೆಯಿಂದ ಕಾಸರವಳ್ಳಿಯವರು ‘ಕನಸೆಂಬ ಕುದುರೆಯನೇರಿ’ ಮಾಡಿದರು. ಗೋರಿ ತೋಡುವ ಇರ್ಯನ ಕನಸಿನಲ್ಲಿ ಸಿದ್ಧ ಕಾಣಿಸಿಕೊಂಡರೆ ಊರಲ್ಲಿ ಒಂದು ಸಾವು. ಹಾಗೊಮ್ಮೆ ಕನಸು ಬಿದ್ದರೂ ಗೌಡರ ಮನೆಯವರು ಸಾವನ್ನು ಮುಚ್ಚಿಡುತ್ತಾರೆ. ನಡೆದದ್ದನ್ನೇ ಚಿತ್ರ ಇನ್ನೊಂದು ಮಗ್ಗುಲಿನಿಂದ ಮತ್ತೆ ತೋರಿಸುತ್ತದೆ. ಇದಕ್ಕಾಗಿ ಗೋಪಾಲಕೃಷ್ಣ ಪೈ ಮತ್ತು ಕಾಸರವಳ್ಳಿ ಅವರಿಗೆ ಚಿತ್ರಕಥೆಯ ರಾಷ್ಟ್ರಪ್ರಶಸ್ತಿ ಬಂತು. ಇನ್ನು 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೆದ್ದ ‘ತಿಥಿ’ಯನ್ನು ನಿರ್ದೇಶಕ ರಾಮ್ ರೆಡ್ಡಿ ಜತೆ ಬರೆದವರು ಈರೇಗೌಡ. ಮಂಡ್ಯ ಜಿಲ್ಲೆಯ ಅವರ ಊರು ನೊದೆಕೊಪ್ಪಲೇ ಚಿತ್ರದ ಊರು. ಊರ ಜನರೇ ನಟರು.

ಹಾವೇರಿ ಸೀಮೆಯಲ್ಲಿ ವಸ್ತು ಹುಡುಕುವವರು ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರನ್ನು ನೋಡಬಹುದು. 1930ರಲ್ಲಿ, ಹತ್ತೊಂಬತ್ತು ತುಂಬುವ ಮೊದಲೇ, ಗಾಂಧೀಜಿಯೊಂದಿಗೆ ದಂಡಿಗೆ ನಡೆದ ಹುಡುಗ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಸರ್ಕಾರದ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋಗಿ, ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರೊಂದಿಗೆ ಗುಂಡಿಗೆ ಬಲಿಯಾದರು. ಎರಡು ತುದಿಗಳೂ ದಾಖಲೆಯಲ್ಲಿವೆ. ಉಪ್ಪಿಗಾಗಿ ಬರಿಗೈಯಲ್ಲಿ ನಡೆದವನು ಹದಿಮೂರು ವರ್ಷಗಳಲ್ಲಿ ಹೊಸರಿತ್ತಿಯ ಆ ಬೆಳಗಿಗೆ ಬಂದು ನಿಂತದ್ದು ಹೇಗೆ? ಚಿತ್ರವನ್ನು ದಂಡಿಯಿಂದ ಆರಂಭಿಸಬೇಕೇ, ಹೊಸರಿತ್ತಿಯಿಂದಲೇ? ಅಥವಾ ಸ್ವತಃ ಹೋರಾಟಗಾರ್ತಿಯಾಗಿದ್ದ ಪತ್ನಿ ಸಿದ್ದಮ್ಮ ಮನೆಯಲ್ಲಿ ಸುದ್ದಿ ಕೇಳುವ ಗಳಿಗೆಯಿಂದಲೇ?