ಚಾಂಪಿಯನ್‌ಗಳು ಬಿಟ್ಟುಹೋದ ಟ್ರ್ಯಾಕ್, ನಮ್ಮಂಥವರಿಗೆ ತೆರೆದ ಗೇಟು | ರೇಸ್ ಟ್ರ್ಯಾಕ್ ಕಥೆಗಳು, ಭಾಗ 4

1/6
ಅಪಾಯ ಜಾಸ್ತಿ ಅಂತ ಫಾರ್ಮುಲಾ ಒನ್ ಬಿಟ್ಟುಹೋದ ಟ್ರ್ಯಾಕ್ ಒಂದಿದೆ. ಅದೇ ಟ್ರ್ಯಾಕ್‌ಗೆ ಇವತ್ತು ಮಾಮೂಲಿ ಲೈಸೆನ್ಸ್ ಇರೋರು ದುಡ್ಡು ಕಟ್ಟಿ ಸ್ವಂತ ಕಾರಲ್ಲೇ ಇಳಿಯಬಹುದು! ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನ ಹಳೇ ಸುತ್ತು, ಹೆಸರು ನಾರ್ಡ್‌ಶ್ಲೈಫೆ. 20.8 ಕಿ.ಮೀ. ಉದ್ದ, 70ಕ್ಕೂ ಹೆಚ್ಚು ತಿರುವು. ಅತಿ ಎತ್ತರದ ಜಾಗಕ್ಕೂ ಅತಿ ತಗ್ಗಿಗೂ ಸುಮಾರು 300 ಮೀಟರ್ ವ್ಯತ್ಯಾಸ. ಇಲ್ಲಿನ ತಿರುವುಗಳು ಹೊಸಬರನ್ನ ಯಾಕೆ ಬೀಳಿಸ್ತವೆ ಅಂತ ತಿಳೀಬೇಕಾದ್ರೆ ನೂರು ವರ್ಷ ಹಿಂದಕ್ಕೆ ಹೋಗಬೇಕು. ಬನ್ನಿ.

2/6
1920ರ ದಶಕದಲ್ಲಿ ಐಫೆಲ್ ಬೆಟ್ಟಸೀಮೆಯ ಜನರ ಕೈಗೆ ಕೆಲಸ ಇರಲಿಲ್ಲ. ಅಲ್ಲಿ ಕಾರ್ ರೇಸುಗಳು ಸಾರ್ವಜನಿಕ ರಸ್ತೆಗಳಲ್ಲೇ ನಡೀತಿದ್ವು. ಆಡಳಿತಾಧಿಕಾರಿಯಾಗಿದ್ದ ಒಟ್ಟೊ ಕ್ರಾಯ್ಟ್ಸ್ ಎರಡಕ್ಕೂ ಒಂದೇ ಪರಿಹಾರ ಹಿಡಿದರು: ರೇಸಿಗೆ ಪ್ರತ್ಯೇಕ ರಸ್ತೆ, ನಿರುದ್ಯೋಗಿಗಳಿಗೆ ಕೂಲಿ. 1925ರಲ್ಲಿ ಕಾಮಗಾರಿ ಶುರುವಾಗಿ 1927ರ ಜೂನ್‌ನಲ್ಲಿ ಟ್ರ್ಯಾಕ್ ತೆರೆಯಿತು. ರಸ್ತೆ ಕಾಡು, ದಿಣ್ಣೆ, ಇಳಿಜಾರು ಹೇಗಿದ್ದವೋ ಹಾಗೇ ಸುತ್ತಿಕೊಂಡು ಹೋಯಿತು. ಗುಟ್ಟು ಇರೋದೇ ಇಲ್ಲಿ: ಎಷ್ಟೋ ತಿರುವುಗಳಲ್ಲಿ ಆಚೆ ಬದಿ ಏನಿದೆ ಅಂತ ಕಾಣೋದೇ ಇಲ್ಲ. ರೇಸ್ ಇಲ್ಲದ ದಿನ ಜನಸಾಮಾನ್ಯರಿಗೆ ಇದು ಒನ್ ವೇ ಟೋಲ್ ರಸ್ತೆ. ಆವಾಗಲೂ ಅಷ್ಟೇ, ಈಗಲೂ ಅಷ್ಟೇ.

3/6
ಮೊದಲು ಅಡೆನಾವರ್ ಫೋರ್ಸ್ಟ್. ಅದಕ್ಕೂ ಮುಂಚೆ ‘ನರಿಯ ಬಿಲ’ದಂಥ ಹೆಸರಿನ ಫುಕ್ಸ್‌ರೋರೆ ಅನ್ನೋ ಇಳಿಜಾರು ಬರುತ್ತೆ. ಅಲ್ಲಿ ಕಾರು ತಾನಾಗೇ ವೇಗ ಹಿಡಿಯುತ್ತೆ, ತಳಕ್ಕೆ ಬಡಿದ ಹಾಗಾಗಿ ಮತ್ತೆ ಏರು ಹತ್ತುತ್ತೆ. ‘ಅಬ್ಬಾ, ದಾಟಿದೆ’ ಅಂತ ಉಸಿರು ಬಿಡೋ ಹೊತ್ತಿಗೆ ಎದುರಲ್ಲೇ ಬಿಗಿಯಾದ ಎಡ ತಿರುವು, ಅದರ ಬೆನ್ನಿಗೇ ಬಲ. ಗಾಬರಿಯಲ್ಲಿ ಅರ್ಧ ತಿರುವಲ್ಲಿ ಬ್ರೇಕ್ ಒತ್ತಿದ್ರೆ ಭಾರ ಎಲ್ಲಾ ಮುಂದಕ್ಕೆ ಹೋಗುತ್ತೆ, ಹಿಂದಿನ ಚಕ್ರ ಹಗುರಾಗುತ್ತೆ, ಕಾರು ಗಿರಕಿ ಹೊಡೆಯುತ್ತೆ. ಇಲ್ಲಾಂದ್ರೆ ನೇರ ಹುಲ್ಲಿಗೆ! ಕ್ಯಾಮೆರಾ ಹಿಡಿದ ಜನ ಬೇಲಿ ಹತ್ತಿರ ಕಾಯ್ತಾ ನಿಲ್ಲೋದು ಸುಮ್ಮನೆ ಅಲ್ಲ.

4/6
ಆಮೇಲೆ ಕರುಸೆಲ್. ಈ ತಿರುವಿನ ಒಳಬದಿಯಲ್ಲಿ ಮೊದಲು ಇದ್ದದ್ದು ನೀರು ಹರಿಯೋ ಚರಂಡಿ. 1927ರ ಉದ್ಘಾಟನಾ ರೇಸ್ ಗೆದ್ದ ರುಡಾಲ್ಫ್ ಕರಾಚಿಯೋಲಾ, ಒಳಚಕ್ರವನ್ನ ಆ ಚರಂಡಿಗೇ ಇಳಿಸಿ ಓಡಿಸಿದರಂತೆ. ಓರೆಯಾದ ಗೋಡೆ ಕಾರನ್ನ ಹಿಡಿದುಕೊಳ್ತು, ವೇಗ ಉಳೀತು. ಮುಂದೆ ಅದಕ್ಕೆ ಕಾಂಕ್ರೀಟ್ ಹಾಕಿದರು. ಇವತ್ತು ತಿರುವಿಗೆ ಅವರದೇ ಹೆಸರು. ಹೊಸಬರ ಕಷ್ಟ ಏನಂದ್ರೆ, ಏರು ಹತ್ತಿ ಬರುವಾಗ ಒಳಗಿಳಿಯೋ ಜಾಗ ಕಾಣಲ್ಲ. ಅವಸರಪಟ್ಟು ಬೇಗ ತಿರುಗಿಸ್ತಾರೆ. ಆಮೇಲೆ ಕಾಂಕ್ರೀಟ್ ಚಪ್ಪಡಿಗಳ ಕುಲುಕಾಟಕ್ಕೆ ಸ್ಟೀರಿಂಗ್ ಕೈಗೇ ಸಿಗಲ್ಲ.

5/6
ಈಗ 1976, ಆಗಸ್ಟ್ 1. ಹಿಂದಿನ ವರ್ಷವಷ್ಟೇ ನಿಕಿ ಲೌಡಾ ಈ ಟ್ರ್ಯಾಕನ್ನ 7 ನಿಮಿಷದೊಳಗೆ ಸುತ್ತಿದ್ದರು. ಇದರ ಮೂಲೆಮೂಲೆ ಗೊತ್ತಿದ್ದ ಮನುಷ್ಯ. ಅವರೇ ‘ಇಲ್ಲಿ ರೇಸ್ ಬೇಡ’ ಅಂತ ವಾದಿಸಿದರು. ಅವರ ಮಾತು ನಡೀಲಿಲ್ಲ. ರೇಸಿನ ಎರಡನೇ ಸುತ್ತಲ್ಲಿ ಬೆರ್ಗ್‌ವೆರ್ಕ್ ತಿರುವಿಗೆ ಸ್ವಲ್ಪ ಮೊದಲು ಅವರ ಫೆರಾರಿ ಬಡಿದು ಹೊತ್ತಿ ಉರಿಯಿತು. ಇಷ್ಟುದ್ದದ ಟ್ರ್ಯಾಕಲ್ಲಿ ಸಹಾಯ ತಕ್ಷಣ ಎಲ್ಲಿಂದ ಬರಬೇಕು? ಹಿಂದೆ ಬಂದ ಚಾಲಕರೇ ಕಾರು ನಿಲ್ಲಿಸಿ ಅವರನ್ನ ಬೆಂಕಿಯಿಂದ ಎಳೆದು ತೆಗೆದರು: ಮೆರ್ಜಾರಿಯೊ, ಎಡ್ವರ್ಡ್ಸ್, ಲಂಗರ್, ಎರ್ಟ್ಲ್. ಆರು ವಾರ ಕಳೆದು ಲೌಡಾ ಮೊಂಜಾದಲ್ಲಿ ಮತ್ತೆ ರೇಸಿಗಿಳಿದು ನಾಲ್ಕನೆಯವರಾದರು. ಆದರೆ ಫಾರ್ಮುಲಾ ಒನ್ ಈ ಹಳೇ ಸುತ್ತಿಗೆ ರೇಸಿಗಂತ ಮತ್ತೆ ಬರಲೇ ಇಲ್ಲ. ಪಕ್ಕದಲ್ಲೇ ಚಿಕ್ಕದೊಂದು ಹೊಸ ಟ್ರ್ಯಾಕ್ 1984ರಲ್ಲಿ ತೆರೆಯಿತು.

6/6
ಹಳೇದು ಉಳಿದಿದ್ದು ಹವ್ಯಾಸಿಗಳಿಗೆ. ಸಾರ್ವಜನಿಕರ ಹೊತ್ತಲ್ಲಿ ಅಲ್ಲಿ ಜರ್ಮನಿಯ ರಸ್ತೆ ನಿಯಮವೇ ಅನ್ವಯ. ಬಲಗಡೆಯಿಂದ ಓವರ್‌ಟೇಕ್ ಮಾಡೋ ಹಾಗಿಲ್ಲ, ಕಬ್ಬಿಣದ ತಡೆಬೇಲಿ ಹಾಳು ಮಾಡಿದ್ರೆ ಬಿಲ್ಲು ನಿಮಗೇ ಬರುತ್ತೆ. ಗೇಮಲ್ಲಿ ಸಾವಿರ ಸಲ ಸುತ್ತಿದವರಿಗೂ ಅಲ್ಲಿ ರೀಸ್ಟಾರ್ಟ್ ಬಟನ್ ಇಲ್ಲ.

ಈ ಚರಿತ್ರೆಯಿಂದ ಒಂದೇ ಮಾತು ನೆನಪಿಡಿ: ಲೌಡಾ ‘ಬೇಡ’ ಅಂದದ್ದು ಹೆದರಿಕೆಯಿಂದಲ್ಲ, ತಿಳುವಳಿಕೆಯಿಂದ. ಬ್ರೇಕ್ ತಿರುವಿಗೆ ಮುಂಚೆ, ಗ್ಯಾಸ್ ದಾರಿ ಕಂಡ ಮೇಲೆ. ಕಣ್ಣಿಗೆ ಕಾಣದ ಕಡೆಗೆ ಕಾಲು ಒತ್ತಬೇಡಿ. ಕಾರಿಗೂ ಅಷ್ಟೇ, ನಿಮ್ಮ ಬೈಕಿಗೂ ಅಷ್ಟೇ.

ನೀವು ದಿನಾ ಹೋಗೋ ದಾರೀಲಿ ಆಚೆ ಬದಿ ಕಾಣದ ತಿರುವು ಯಾವುದು? ಕಾಮೆಂಟಲ್ಲಿ ಬರೀರಿ, ಅದೇ ದಾರೀಲಿ ಓಡಾಡೋ ಗೆಳೆಯರನ್ನೂ ಟ್ಯಾಗ್ ಮಾಡಿ.