ಮೊದಲ ತುತ್ತು, ಮೂರು ದಿನದ ಚಿಂತೆ

ಮಗುವಿಗೆ ಮೊದಲ ತುತ್ತು ಉಣಿಸಿದ ಸಂಭ್ರಮ ಇಳಿಯುವ ಮೊದಲೇ ಎಷ್ಟೋ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ‘ಪಾಪು ಇವತ್ತಾದರೂ ಕಕ್ಕ ಮಾಡಿತೇ?’ ಅದುವರೆಗೆ ಎದೆಹಾಲನ್ನಷ್ಟೇ ಕುಡಿದು, ಹಳದಿ ಬಣ್ಣದ ಮೆದುವಾದ ಮಲ ವಿಸರ್ಜಿಸುತ್ತಿದ್ದ ಕೂಸು ಎರಡು ದಿನ, ಮೂರು ದಿನ ಸುಮ್ಮನಿದ್ದುಬಿಡುತ್ತದೆ. ಆಮೇಲೆ ಮುಖ ಕೆಂಪಗೆ ಮಾಡಿಕೊಂಡು ತಿಣುಕುತ್ತದೆ, ಅಳುತ್ತದೆ. ಬರುವುದು ಆಡಿನ ಹಿಕ್ಕೆಯಂಥ ಗಟ್ಟಿ ಉಂಡೆ. ಅಜ್ಜಿ ಹರಳೆಣ್ಣೆಯ ಸೀಸೆ ಹುಡುಕುತ್ತಾರೆ. ತಾಯಿ ವೈದ್ಯರ ಬಳಿ ಹೋಗೋಣ ಎನ್ನುತ್ತಾರೆ.

ಮೇಲ್ನೋಟಕ್ಕೆ ಇದು ಮನೆಯೊಳಗಿನ ಸಣ್ಣ ಸಂಗತಿ. ಆದರೆ ಇದಕ್ಕೂ ದೀರ್ಘವಾದ ಇತಿಹಾಸವಿದೆ. ಮಗುವಿನ ಬಟ್ಟಲಿನಲ್ಲಿ ಏನಿದೆ ಎಂದು ನೋಡುವ ಬದಲು ಔಷಧದ ಕಡೆಗೇ ಕೈ ಚಾಚಿದ ಕಾಲದಲ್ಲಿ ಮಕ್ಕಳು ತೆತ್ತ ಬೆಲೆ ಸಣ್ಣದೇನಲ್ಲ.

ಮಲಬದ್ಧತೆಗೆ ಕಾರಣ ಸರಳವಾದುದು. ಎದೆಹಾಲಿನಲ್ಲಿ ಶೇ 87ರಷ್ಟು ನೀರೇ ಇರುತ್ತದೆ. ಅದು ಬಹುಪಾಲು ಜೀರ್ಣವಾಗಿ, ಉಳಿಯುವ ಕಸ ಬಹಳ ಕಡಿಮೆ. ಗಂಜಿ, ಅನ್ನ, ಬೇಳೆ ಹೊಟ್ಟೆಗೆ ಬಿದ್ದೊಡನೆ ಈ ಲೆಕ್ಕ ಬದಲಾಗುತ್ತದೆ. ಹಾಲು ಕುಡಿಯುವುದು ಕಡಿಮೆಯಾದಂತೆ ನೀರಿನ ಅಂಶವೂ ಇಳಿಯುತ್ತದೆ, ಪಿಷ್ಟ ಹೆಚ್ಚುತ್ತದೆ. ದೊಡ್ಡ ಕರುಳು ಮಲದಲ್ಲಿರುವ ನೀರನ್ನು ಹೀರಿಕೊಳ್ಳುವ ಅಂಗ. ಮಲ ಅಲ್ಲಿ ಹೆಚ್ಚು ಹೊತ್ತು ನಿಂತಷ್ಟೂ ಗಟ್ಟಿಯಾಗುತ್ತದೆ. ಒಮ್ಮೆ ನೋವಾದರೆ ಮಗು ಮರುದಿನ ಬಿಗಿಹಿಡಿಯುತ್ತದೆ. ಬಿಗಿಹಿಡಿದಷ್ಟೂ ಮಲ ಇನ್ನೂ ಗಟ್ಟಿ. ಈ ಸುತ್ತಿಗೆ ಸಿಕ್ಕಿದ ಮಗುವೇ ಮನೆಮಂದಿಯ ನಿದ್ದೆಗೆಡಿಸುವುದು.

ಅನ್ನಕ್ಕೆ ಮೊದಲು ಹಣ್ಣು

ಹಾಲಿನಿಂದ ಅನ್ನಕ್ಕೆ ದಾಟುವ ಈ ಹೊತ್ತು ನಾಜೂಕಿನದು ಎಂಬುದನ್ನು ಭಾರತದ ಪ್ರಾಚೀನ ವೈದ್ಯರು ಗಮನಿಸಿದ್ದರು. ಆರನೇ ತಿಂಗಳಲ್ಲಿ ಲಘುವಾದ, ಹಿತವಾದ ಆಹಾರ ಕೊಡಬೇಕು ಎಂದು ಸುಶ್ರುತ ಸಂಹಿತೆ ಹೇಳುತ್ತದೆ. ಮಕ್ಕಳ ಚಿಕಿತ್ಸೆಗೆಂದೇ ಮೀಸಲಾದ ಕಾಶ್ಯಪ ಸಂಹಿತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ನೇಪಾಳದಲ್ಲಿ ದೊರೆತ ಹಸ್ತಪ್ರತಿಯ ಆಧಾರದ ಮೇಲೆ 1938ರಲ್ಲಿ ಅಚ್ಚಾದ ಈ ಗ್ರಂಥ, ಆರನೇ ತಿಂಗಳಲ್ಲಿ ಫಲಪ್ರಾಶನ, ಹತ್ತನೇ ತಿಂಗಳಲ್ಲಿ ಅನ್ನಪ್ರಾಶನ ಎಂಬ ಕ್ರಮ ಸೂಚಿಸುತ್ತದೆ. ಮೊದಲು ಹಣ್ಣು, ಆಮೇಲೆ ಧಾನ್ಯ. ಧಾನ್ಯಕ್ಕೆ ಹತ್ತು ತಿಂಗಳು ಕಾಯುವುದನ್ನು ಇಂದಿನ ವೈದ್ಯರು ಒಪ್ಪುವುದಿಲ್ಲ. ಆದರೆ ನೀರು, ನಾರು ಎರಡೂ ಇರುವ ಹಣ್ಣಿಗೆ ಆರನೇ ತಿಂಗಳಲ್ಲೇ ಜಾಗ ಕೊಟ್ಟದ್ದು ಕರುಳಿಗೆ ಹಿತವಾದ ಕ್ರಮವೇ ಸರಿ.

ಮಲ ಕಟ್ಟಿಕೊಂಡ ಮೇಲೆ ಬಳಸುವ ಔಷಧದ ಚರಿತ್ರೆ ಇನ್ನೂ ಹಳೆಯದು. ಕ್ರಿ.ಪೂ. 1550ರ ಆಸುಪಾಸಿನ, ಈಜಿಪ್ಟಿನ ಎಬರ್ಸ್ ಪಪೈರಸ್‌ನಲ್ಲಿಯೇ ಹರಳುಬೀಜ ಹೊಟ್ಟೆ ಸಾಫುಮಾಡುವ ಔಷಧವಾಗಿ ಕಾಣಿಸಿಕೊಂಡಿದೆ. ಆಯುರ್ವೇದದಲ್ಲಿ ಏರಂಡಕ್ಕೆ ದೊಡ್ಡ ಸ್ಥಾನ. ಕರ್ನಾಟಕದ ಹಳ್ಳಿಮನೆಗಳಲ್ಲಿ ಹರಳೆಣ್ಣೆ ತಲೆಗೆ, ಹೊಟ್ಟೆಗೆ ಎರಡಕ್ಕೂ ಸಲ್ಲುತ್ತಿತ್ತು. ವೀಳ್ಯದೆಲೆಯ ತೊಟ್ಟನ್ನು ಹರಳೆಣ್ಣೆಯಲ್ಲಿ ಅದ್ದಿ ಕೂಸಿನ ಗುದದ್ವಾರಕ್ಕೆ ಮೆಲ್ಲಗೆ ಮುಟ್ಟಿಸುವ ಉಪಾಯವನ್ನು ಅನೇಕ ಹಿರಿಯ ಹೆಂಗಸರು ಬಲ್ಲರು.

ಈ ಎಣ್ಣೆ ಕೆಲಸ ಮಾಡುತ್ತದೆ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಹೇಗೆ ಮಾಡುತ್ತದೆ ಎಂಬುದು ಸ್ಪಷ್ಟವಾದದ್ದು 2012ರಲ್ಲಿ. ಕರುಳಿನ ಸ್ನಾಯುಕೋಶಗಳ ಮೇಲಿನ ಒಂದು ನಿರ್ದಿಷ್ಟ ಗ್ರಾಹಕಕ್ಕೆ ಹರಳೆಣ್ಣೆಯ ರಿಸಿನೋಲಿಕ್ ಆಮ್ಲ ಅಂಟಿಕೊಂಡು ಕರುಳನ್ನು ಹಿಂಡಿಸುತ್ತದೆ ಎಂದು ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು ತೋರಿಸಿದರು. ಎಳೆಯ ಮಕ್ಕಳಿಗೆ ಹರಳೆಣ್ಣೆ ಬೇಡ ಎಂದು ವೈದ್ಯರು ಹೇಳುವುದು ಈ ರಭಸದ ಕಾರಣಕ್ಕೇ. ಹೊಟ್ಟೆ ನುಲಿದು ಭೇದಿಯಾದರೆ ಕೂಸಿನ ಪುಟ್ಟ ದೇಹ ಬೇಗ ನೀರು ಕಳೆದುಕೊಳ್ಳುತ್ತದೆ. ಅಳುವ ಮಗುವಿನ ಬಾಯಿಗೆ ಬಲವಂತವಾಗಿ ಎಣ್ಣೆ ಹುಯ್ದಾಗ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವ ಅಪಾಯವೂ ಉಂಟು.

ಹಲ್ಲಿನ ಮೇಲೆ ಹೊರಿಸಿದ ತಪ್ಪು

ಮಕ್ಕಳು ನಿಜವಾಗಿ ಪ್ರಾಣ ತೆತ್ತ ಅಧ್ಯಾಯ ನಡೆದದ್ದು ಯುರೋಪಿನಲ್ಲಿ. ಅಲ್ಲಿ ಶತಮಾನಗಳ ಕಾಲ ಶಿಶುಗಳಿಗೆ ‘ಪ್ಯಾಪ್’ ಎಂಬ ಗಂಜಿಯನ್ನು ಉಣಿಸುತ್ತಿದ್ದರು. ಹಿಟ್ಟನ್ನೋ ರೊಟ್ಟಿಯ ಚೂರನ್ನೋ ನೀರು ಅಥವಾ ಹಾಲಿನಲ್ಲಿ ಬೇಯಿಸಿದರೆ ಆಯಿತು. ಹುಟ್ಟಿದ ಕೆಲವೇ ದಿನಗಳ ಕೂಸಿಗೂ ಇದನ್ನು ತುರುಕುವ ರೂಢಿಯಿತ್ತು. ಲಂಡನ್ನಿನ ಅನಾಥ ಶಿಶುಗಳ ಆಸ್ಪತ್ರೆಗಾಗಿ 1748ರಲ್ಲಿ ಶಿಶುಪಾಲನೆಯ ಕುರಿತು ಪ್ರಬಂಧ ಬರೆದ ವೈದ್ಯ ವಿಲಿಯಂ ಕ್ಯಾಡೊಗನ್, ನವಜಾತ ಶಿಶುವಿನ ಗಂಟಲಿಗೆ ಬೆಣ್ಣೆ, ಸಕ್ಕರೆ, ಎಣ್ಣೆ, ಗಂಜಿ ತುಂಬುವ ಈ ಪದ್ಧತಿಯನ್ನು ಕಟುವಾಗಿ ಟೀಕಿಸಿದರು. ತಾಯಿಯ ಹಾಲೇ ಸಾಕು ಎಂಬುದು ಅವರ ವಾದವಾಗಿತ್ತು. ಆದರೆ ಅಂಥ ದನಿಗಳು ವಿರಳವಾಗಿದ್ದವು.

ಮಗು ಘನ ಆಹಾರ ಆರಂಭಿಸುವ ಸಮಯ ಮತ್ತು ಹಲ್ಲು ಮೂಡುವ ಸಮಯ ಹೆಚ್ಚುಕಡಿಮೆ ಒಂದೇ. ಹೀಗಾಗಿ ಆಗ ಕಾಣಿಸುವ ಜ್ವರ, ಭೇದಿ, ಮಲಬದ್ಧತೆ, ಸೆಳವು ಎಲ್ಲದರ ತಪ್ಪನ್ನೂ ಹಲ್ಲಿನ ಮೇಲೆ ಹೊರಿಸಲಾಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಮರಣ ದಾಖಲೆಯಲ್ಲಿ 1839ರಲ್ಲಿ ಐದು ಸಾವಿರಕ್ಕೂ ಹೆಚ್ಚು ಸಾವುಗಳಿಗೆ ‘ಹಲ್ಲು ಮೂಡಿದ್ದು’ ಕಾರಣವೆಂದು ಬರೆದಿದ್ದಾರೆ ಎಂದರೆ ಆ ನಂಬಿಕೆಯ ಆಳ ತಿಳಿಯುತ್ತದೆ.

ಪರಿಹಾರವಾಗಿ ಅಂಗಡಿಗೆ ಬಂದದ್ದು ‘ಹಲ್ಲಿನ ಪುಡಿ’. ಇದು ಹಲ್ಲುಜ್ಜುವ ಪುಡಿಯಲ್ಲ; ಹಲ್ಲು ಮೂಡುವ ಮಕ್ಕಳಿಗೆ ನೆಕ್ಕಿಸುವ ಪುಡಿ. ಹಲ್ಲು ಬರುವಾಗ ಹೊಟ್ಟೆ ಖಾಲಿಯಾಗಿದ್ದರೆ ಮಗು ಕ್ಷೇಮ ಎಂಬುದು ಅಂದಿನ ತಿಳಿವಳಿಕೆ. ಅದಕ್ಕಾಗಿ ಪುಡಿಗೆ ಬೆರೆಸುತ್ತಿದ್ದ ಭೇದಿಯ ಔಷಧವೆಂದರೆ ಕ್ಯಾಲೊಮೆಲ್, ಅಂದರೆ ಪಾದರಸದ ಒಂದು ಲವಣ. ರುಚಿಯಿಲ್ಲದ ಬಿಳಿ ಪುಡಿಯಾದ್ದರಿಂದ ಮಗು ಮುಖ ಕಿವುಚುತ್ತಿರಲಿಲ್ಲ. ಬೆಲೆಯೂ ಅಗ್ಗ. ವೈದ್ಯರ ಚೀಟಿ ಬೇಕಿರಲಿಲ್ಲ. ತಾಯಂದಿರು ವಾರಗಟ್ಟಲೆ, ತಿಂಗಳುಗಟ್ಟಲೆ ನಂಬಿಕೆಯಿಂದ ಕೊಟ್ಟರು.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಯುರೋಪ್, ಆಸ್ಟ್ರೇಲಿಯ, ಅಮೆರಿಕಗಳ ವೈದ್ಯರು ವಿಚಿತ್ರ ಕಾಯಿಲೆಯೊಂದನ್ನು ವರದಿ ಮಾಡತೊಡಗಿದರು. ಮಗುವಿನ ಅಂಗೈ, ಅಂಗಾಲು ಗುಲಾಬಿ ಬಣ್ಣಕ್ಕೆ ತಿರುಗಿ ಚರ್ಮ ಸುಲಿಯುತ್ತಿತ್ತು. ಬೆಳಕು ಕಂಡರಾಗದು, ಊಟ ಸೇರದು, ಹಗಲಿರುಳೂ ನರಳಾಟ. ಇದಕ್ಕೆ ‘ಪಿಂಕ್ ಡಿಸೀಸ್’ ಎಂದು ಹೆಸರಾಯಿತು. ಸೋಂಕೆಂದು ಕೆಲವರು, ಜೀವಸತ್ವದ ಕೊರತೆಯೆಂದು ಕೆಲವರು ವಾದಿಸಿದರು. ನೂರಾರು ಮಕ್ಕಳು ಸತ್ತವು. ಕೊನೆಗೆ 1948ರಲ್ಲಿ ಅಮೆರಿಕದ ಸಿನ್ಸಿನಾಟಿಯ ಜೋಸೆಫ್ ವಾರ್ಕನಿ ಮತ್ತು ಡೊನಾಲ್ಡ್ ಹಬ್ಬಾರ್ಡ್, ಇಂಥ ಮಕ್ಕಳ ಮೂತ್ರದಲ್ಲಿ ಪಾದರಸ ಇರುವುದನ್ನು ಪ್ರಕಟಿಸಿದರು. ಬ್ರಿಟನ್ನಿನಲ್ಲಿ 1954ರಲ್ಲಿ ತಯಾರಕರು ಪುಡಿಯಿಂದ ಪಾದರಸವನ್ನು ಕೈಬಿಟ್ಟರು. ಕೆಲವೇ ವರ್ಷಗಳಲ್ಲಿ ಕಾಯಿಲೆಯೇ ಕಾಣೆಯಾಯಿತು. ಮಕ್ಕಳನ್ನು ಕಾಡಿದ್ದು ಹಲ್ಲಲ್ಲ, ಹಲ್ಲಿಗೆಂದು ಕೊಟ್ಟ ಔಷಧ.

ಡಬ್ಬಿಯ ಕಾಲ

ಇದೇ ಹೊತ್ತಿಗೆ ಮಗುವಿನ ಆಹಾರವೂ ಅಡಿಗೆಮನೆಯಿಂದ ಕಾರ್ಖಾನೆಗೆ ಹೋಯಿತು. ಅಮೆರಿಕದ ಮಿಷಿಗನ್ ರಾಜ್ಯದ ಗರ್ಬರ್ ಕಂಪೆನಿ 1928ರಲ್ಲಿ ಸೋಸಿದ ತರಕಾರಿ, ಹಣ್ಣುಗಳನ್ನು ಡಬ್ಬಿಯಲ್ಲಿ ಮಾರಾಟಕ್ಕಿಟ್ಟಿತು. ಅದರ ಮೊದಲ ಐದು ಬಗೆಗಳಲ್ಲಿ ಒಂದು ಪ್ರೂನ್, ಅಂದರೆ ಒಣಗಿಸಿದ ಪ್ಲಮ್ ಹಣ್ಣು. ಪ್ರೂನಿನಲ್ಲಿರುವ ಸಾರ್ಬಿಟಾಲ್ ಎಂಬ ಸಕ್ಕರೆಯಂಥ ಪದಾರ್ಥ ಕರುಳಿನಲ್ಲಿ ಪೂರ್ತಿ ಹೀರಲ್ಪಡದೆ, ನೀರನ್ನು ಮಲದಲ್ಲೇ ಉಳಿಸಿ ಅದನ್ನು ಮೆದು ಮಾಡುತ್ತದೆ. ಮಗುವಿನ ಮಲಬದ್ಧತೆಗೆ ಪಾಶ್ಚಾತ್ಯ ತಾಯಂದಿರು ಇಂದಿಗೂ ಮೊದಲು ನೆನೆಯುವುದು ಪ್ರೂನನ್ನೇ.

ಡಬ್ಬಿ ಕೈಗೆ ಸುಲಭವಾದಂತೆ ಆತುರವೂ ಹೆಚ್ಚಿತು. 1950ರ ದಶಕದಲ್ಲಿ ಅಮೆರಿಕದ ವಾಲ್ಟರ್ ಸ್ಯಾಕೆಟ್ ಎಂಬ ವೈದ್ಯ, ಹುಟ್ಟಿದ ಎರಡು ಮೂರು ದಿನಕ್ಕೇ ಧಾನ್ಯದ ಗಂಜಿ ಆರಂಭಿಸಬಹುದು ಎಂದು ಬರೆದರು. ಗಾಳಿ ತಿರುಗಲು ಎರಡು ದಶಕ ಬೇಕಾಯಿತು. ನಾಲ್ಕು ತಿಂಗಳಿಗೆ ಮೊದಲು ಘನ ಆಹಾರ ಬೇಡ ಎಂದು 1974ರಲ್ಲಿ ಬ್ರಿಟನ್ನಿನ ತಜ್ಞರ ಸಮಿತಿ ಹೇಳಿತು. ಆರು ತಿಂಗಳವರೆಗೆ ಎದೆಹಾಲು ಮಾತ್ರ ಎಂಬ ಶಿಫಾರಸನ್ನು ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಮುಂದಿಟ್ಟಿತು. ಸುಶ್ರುತ ಹೇಳಿದ ಆರನೇ ತಿಂಗಳಿಗೇ ಜಗತ್ತು ಸುತ್ತಿ ಬಂದಂತಾಯಿತು.

ಈಗ ಮಕ್ಕಳ ವೈದ್ಯರು ಬರೆದುಕೊಡುವ ಲ್ಯಾಕ್ಟುಲೋಸ್ ದ್ರಾವಣಕ್ಕೂ ಶಿಶು ಆಹಾರದ ನಂಟಿದೆ. ಸೀಸೆ ಹಾಲು ಕುಡಿಯುವ ಮಗುವಿನ ಕರುಳನ್ನು ಎದೆಹಾಲು ಕುಡಿಯುವ ಮಗುವಿನ ಕರುಳಿನಂತೆ ಮಾಡಬಲ್ಲ ವಸ್ತುವಿನ ಹುಡುಕಾಟದಲ್ಲಿ ಆಸ್ಟ್ರಿಯದ ಫ್ರೆಡ್ರಿಕ್ ಪೆಟ್ಯುಯೆಲಿ 1957ರಲ್ಲಿ ಇದರ ಗುಣವನ್ನು ಗುರುತಿಸಿದರು. ಮಲಬದ್ಧತೆಗೆ ಇದರ ಬಳಕೆ ಎರಡು ವರ್ಷಗಳ ನಂತರ ಆರಂಭವಾಯಿತು. ಕರುಳನ್ನು ಹಿಂಡದೆ, ಮಲದಲ್ಲಿ ನೀರು ಉಳಿಸುವುದಷ್ಟೇ ಇದರ ಮುಖ್ಯ ಕೆಲಸ.

ರಾಗಿ ಸರಿಯ ಗುಟ್ಟು

ಕರ್ನಾಟಕದ ಬಹುಪಾಲು ಮಕ್ಕಳ ಮೊದಲ ಘನ ಆಹಾರ ರಾಗಿ ಸರಿ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಜಾಲಾಡಿ ಹಿಟ್ಟು ಮಾಡುವುದು ಹಳೆಯ ಕ್ರಮ. ಮೊಳಕೆ ಬರಿಸುವುದರಲ್ಲಿ ಒಂದು ಗುಟ್ಟಿದೆ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಗಂಜಿ ಅಂಟಂಟಾಗದೆ ತೆಳುವಾಗುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು 1980ರ ದಶಕದಲ್ಲಿ ಇದೇ ತತ್ವದ ಮೇಲೆ ಮೊಳಕೆ ರಾಗಿ, ಹೆಸರುಕಾಳಿನ ಶಿಶು ಆಹಾರವನ್ನು ರೂಪಿಸಿದರು.

ಆದರೂ ‘ರಾಗಿ ಸರಿ ಶುರುಮಾಡಿದ ಮೇಲೆ ಮಲ ಗಟ್ಟಿಯಾಯಿತು’ ಎಂಬ ದೂರು ಅಪರೂಪವಲ್ಲ. ಜಾಲಾಡಿದಾಗ ಹೊಟ್ಟಿನೊಂದಿಗೆ ನಾರೂ ಬಹುಪಾಲು ಹೋಗುತ್ತದೆ. ಮೂರು ಹೊತ್ತೂ ಗಟ್ಟಿ ಸರಿಯನ್ನೇ ಉಣಿಸಿದರೆ ಕರುಳಿಗೆ ಸಿಗುವುದು ಪಿಷ್ಟವೇ ಹೊರತು ನೀರಲ್ಲ. ರಾಗಿಯನ್ನು ಬಿಡಬೇಕಾದ್ದಿಲ್ಲ. ಸರಿಯನ್ನು ತೆಳುವಾಗಿಸಿ, ಒಂದು ಹೊತ್ತಿಗೆ ಬೇಯಿಸಿ ಕಿವುಚಿದ ಸೊಪ್ಪು ತರಕಾರಿ, ಇನ್ನೊಂದು ಹೊತ್ತಿಗೆ ಪರಂಗಿ, ಸೀಬೆಯಂಥ ಹಣ್ಣಿನ ತಿರುಳು (ಬೀಜ ತೆಗೆದು) ಅಥವಾ ನೆನೆಸಿ ಅರೆದ ಒಣದ್ರಾಕ್ಷಿ ಕೊಟ್ಟರೆ ಬಹಳಷ್ಟು ಮಕ್ಕಳಿಗೆ ಅಷ್ಟೇ ಸಾಕಾಗುತ್ತದೆ. ಬಾಳೆಹಣ್ಣು ಚೆನ್ನಾಗಿ ಕಳಿತಿರಬೇಕು. ಅರೆಮಾಗಿದ್ದು ಮಲವನ್ನು ಇನ್ನಷ್ಟು ಕಟ್ಟುತ್ತದೆ. ಆರು ತಿಂಗಳು ತುಂಬಿ ಊಟ ಆರಂಭವಾದ ಮೇಲೆ ಕಾಯಿಸಿ ಆರಿಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಬಹುದು. ಎದೆಹಾಲನ್ನು ನಿಲ್ಲಿಸಬಾರದು. ಮಗುವನ್ನು ಅಂಗಾತ ಮಲಗಿಸಿ ಸೈಕಲ್ ತುಳಿಸಿದಂತೆ ಕಾಲಾಡಿಸುವುದು, ಹೊಟ್ಟೆಯನ್ನು ಮೃದುವಾಗಿ ನೀವುವುದು ಹಳೆಯ ಉಪಾಯಗಳಾದರೂ ವೈದ್ಯರ ಒಪ್ಪಿಗೆ ಪಡೆದಿವೆ. ವೀಳ್ಯದೆಲೆ ತೊಟ್ಟು, ಸೋಪಿನ ಚೂರು ಬೇಡ. ಅವು ಮೃದು ಚರ್ಮವನ್ನು ಗಾಯಗೊಳಿಸಬಹುದು, ಮಗುವಿಗೆ ಅದೇ ಅಭ್ಯಾಸವೂ ಆದೀತು.

ಜೇನುತುಪ್ಪದ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುವುದು ನಮ್ಮಲ್ಲಿ ರೂಢಿ. ಆದರೆ ಜೇನಿನಲ್ಲಿ ಬಾಟುಲಿನಮ್ ಎಂಬ ಬ್ಯಾಕ್ಟೀರಿಯದ ಬೀಜಕಗಳಿರುವ ಸಾಧ್ಯತೆಯಿದ್ದು, ಒಂದು ವರ್ಷದೊಳಗಿನ ಮಗುವಿನ ಕರುಳಿನಲ್ಲಿ ಅವು ಬೆಳೆದು ವಿಷ ಉಂಟುಮಾಡಬಲ್ಲವು. ಅಮೆರಿಕದಲ್ಲಿ 1976ರಲ್ಲಿ ಗುರುತಿಸಲಾದ ಈ ಕಾಯಿಲೆಯ ಮೊದಲ ಲಕ್ಷಣ ಬಹುಪಾಲು ಮಲಬದ್ಧತೆಯೇ. ಮಲ ಸಡಿಲವಾಗಲಿ ಎಂದು ನೆಕ್ಕಿಸಿದ ಜೇನು ಮಗುವಿನ ಉಸಿರಾಟಕ್ಕೇ ಕುತ್ತು ತರಬಹುದು.

ವೈದ್ಯರ ಬಳಿ ಓಡಬೇಕಾದ ಸಂದರ್ಭಗಳೂ ಸ್ಪಷ್ಟವಾಗಿವೆ. ಮಲದಲ್ಲಿ ರಕ್ತ, ಹಸಿರು ವಾಂತಿ, ಉಬ್ಬಿದ ಹೊಟ್ಟೆ, ಜ್ವರ, ತೂಕ ಏರದಿರುವುದು ಇವುಗಳಲ್ಲಿ ಯಾವುದು ಕಂಡರೂ ತಡಮಾಡಬಾರದು. ಮಗು ಹುಟ್ಟಿದ ಎರಡು ದಿನದೊಳಗೆ ಮೊದಲ ಕಪ್ಪು ಮಲ ವಿಸರ್ಜಿಸಿರಲಿಲ್ಲ ಎಂದಾದರೆ ಅದನ್ನೂ ವೈದ್ಯರಿಗೆ ಹೇಳಬೇಕು. ಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳೇ ಇಲ್ಲದ ಹುಟ್ಟು ದೋಷವೊಂದಿದೆ. ಡೆನ್ಮಾರ್ಕಿನ ವೈದ್ಯ ಹರಾಲ್ಡ್ ಹಿರ್ಷ್‌ಸ್ಪ್ರಂಗ್ 1886ರಲ್ಲಿ ಎರಡು ಶಿಶುಗಳಲ್ಲಿ ಇದನ್ನು ವಿವರಿಸಿದ್ದರು. ಇದಕ್ಕೆ ಹಣ್ಣೂ ಸಾಲದು, ಎಣ್ಣೆಯೂ ಸಾಲದು, ಶಸ್ತ್ರಚಿಕಿತ್ಸೆಯೇ ಬೇಕು.

ಆದರೆ ಇಂಥ ಮಕ್ಕಳು ಬೆರಳೆಣಿಕೆಯಷ್ಟು. ಉಳಿದವರದ್ದು ಹೊಸ ಊಟಕ್ಕೆ ಒಗ್ಗಿಕೊಳ್ಳುತ್ತಿರುವ ಕರುಳಿನ ತಾತ್ಕಾಲಿಕ ತೊಡಕು. ಎದೆಹಾಲು ಮಾತ್ರ ಕುಡಿಯುವ ಮಗು ಕೆಲವೊಮ್ಮೆ ವಾರದವರೆಗೂ ಮಲ ವಿಸರ್ಜಿಸದೆ ಆರೋಗ್ಯವಾಗಿಯೇ ಇರಬಹುದು. ತಿಣುಕಿದರೂ ಬಂದ ಮಲ ಮೆದುವಾಗಿದ್ದರೆ ಅದು ಮಲಬದ್ಧತೆಯಲ್ಲ. ದಿನಗಳನ್ನು ಎಣಿಸುವುದಕ್ಕಿಂತ ಮಲದ ಹದ ನೋಡುವುದು ಮುಖ್ಯ. ಹಲ್ಲಿನ ಪುಡಿಯ ಕಾಲದ ತಾಯಂದಿರಿಗೆ ಈ ಮಾತು ಹೇಳುವವರು ಇರಲಿಲ್ಲ. ಅವರ ಮಕ್ಕಳು ತೆತ್ತ ಬೆಲೆಯಿಂದ ಬಂದ ತಿಳಿವಳಿಕೆ ಇಷ್ಟೇ: ಮೊದಲು ಬಟ್ಟಲು ನೋಡಿ, ಆಮೇಲೆ ಸೀಸೆ.